ಬಿಸಿಲನ್ನು ಗಾಜಿನಾಚೆಯೇ ತಡೆಯುವ ಚೆನ್ನೈ ತಟ್ಟಿ

ತಮಿಳರು ಅಗ್ನಿ ನಕ್ಷತ್ರ ಎನ್ನುವ ಮೇ ತಿಂಗಳ ಕಡುಬೇಸಿಗೆಯ ದಿನಗಳಲ್ಲಿ, ಚೆನ್ನೈಯಲ್ಲಿ ಪಶ್ಚಿಮಕ್ಕೆ ಕಿಟಕಿಯಿರುವ ಕೋಣೆಗೆ ಸಂಜೆ ಕಾಲಿಡುವುದೇ ಕಷ್ಟ. 2003ರ ಮೇ 31ರಂದು ನಗರದ ನುಂಗಂಬಾಕ್ಕಂನಲ್ಲಿ 45 ಡಿಗ್ರಿ ದಾಖಲಾಗಿತ್ತು. ಕೆಲಸಕ್ಕೆಂದು ಬೆಂಗಳೂರು, ಮೈಸೂರುಗಳಿಂದ ಹೋಗಿ ನೆಲೆಸುವ ನಮ್ಮವರು ಎಗ್ಮೋರಿನ ಪ್ಯಾಂಥಿಯನ್ ರಸ್ತೆಯ ಬಟ್ಟೆ ಅಂಗಡಿಗಳಿಂದ ದಪ್ಪ ಪರದೆ ತಂದು ತೂಗುಹಾಕುತ್ತಾರೆ. ಕೋಣೆ ಕತ್ತಲಾಗುತ್ತದೆ, ಸೆಕೆ ಮಾತ್ರ ಹಾಗೇ ಇರುತ್ತದೆ.

ಕಾರಣ ಸರಳ. ಬಿಸಿಲು ಗಾಜು ದಾಟಿ ಪರದೆಗೆ ಬಡಿದಾಗ ಪರದೆಯೇ ಕಾಯುತ್ತದೆ. ಆ ಕಾವು ಗಾಜಿನ ಮೂಲಕ ಸುಲಭವಾಗಿ ಹೊರಗೆ ಹೋಗದೆ ಕೋಣೆಯಲ್ಲೇ ಹರಡುತ್ತದೆ. ಅದೇ ತಡೆ ಗಾಜಿನ ಆಚೆಗಿದ್ದರೆ ಕಾವೂ ಆಚೆಗೇ ಉಳಿಯುತ್ತದೆ. ಹಳೆಯ ಮದರಾಸಿನ ಬಂಗಲೆಗಳ ಪಟ್ಟಿಪಟ್ಟಿಯ ಮರದ ಕಿಟಕಿ ಬಾಗಿಲುಗಳ ಹಿಂದಿದ್ದದ್ದು ಇದೇ ಬುದ್ಧಿ. ಇಂದಿನ ಅಪಾರ್ಟ್‌ಮೆಂಟಿಗೆ ಅದನ್ನು ಅಗ್ಗದಲ್ಲಿ ತಂದುಕೊಡುವುದು ಬಿದಿರಿನ ತಟ್ಟಿ.

ತಟ್ಟಿ ಹೆಣೆಯುವುದನ್ನು ನಿಂತು ನೋಡಬೇಕು. ತೆಳ್ಳಗೆ ಸೀಳಿ, ಗಿಣ್ಣು ಕೆತ್ತಿ ನಯಮಾಡಿದ ಕಡ್ಡಿಯೊಂದನ್ನು ಅಡ್ಡ ಮರದ ಮೇಲಿಡುತ್ತಾರೆ. ಮರದ ಎರಡೂ ಬದಿಗೆ ದಾರದ ಉಂಡೆಗಳು ಸಾಲಾಗಿ ಜೋತಾಡುತ್ತಿರುತ್ತವೆ. ಹಿಂದಿನ ಉಂಡೆ ಮುಂದಕ್ಕೆ, ಮುಂದಿನದು ಹಿಂದಕ್ಕೆ ದಾಟಿದರೆ ಕಡ್ಡಿ ಬಿಗಿಯಾಯಿತು. ಅದರ ಮೇಲೆ ಇನ್ನೊಂದು ಕಡ್ಡಿ. ಅಂಚಿಗೆ ಬಟ್ಟೆ ಹೊಲಿದು, ಹಗ್ಗ ಮತ್ತು ರಾಟೆ ಕಟ್ಟಿದರೆ ಸುತ್ತಿ ಮೇಲೆತ್ತಬಹುದಾದ ತಟ್ಟಿ ಸಿದ್ಧ. ಕಡ್ಡಿಗಳ ನಡುವಿನ ಆ ಸಣ್ಣ ಸಂದೇ ಇದರ ದೊಡ್ಡ ಗುಣ ಎಂದು ನನ್ನ ಅಭಿಪ್ರಾಯ. ಮಧ್ಯಾಹ್ನ ಏಳುವ ಕಡಲ ಗಾಳಿ ಅಲ್ಲಿಂದ ಒಳಗೆ ನುಗ್ಗುತ್ತದೆ. ದಪ್ಪ ಪರದೆ ಹಾಕಿದವರು ಆ ಗಾಳಿಯನ್ನೂ ಕಳೆದುಕೊಳ್ಳುತ್ತಾರೆ.

ಲಾವಂಚದ ತಟ್ಟಿಯೂ ಉಂಟು. ತಮಿಳರ ಈ ವೆಟ್ಟಿವೇರನ್ನು ಕಡಲೂರು ಜಿಲ್ಲೆಯಲ್ಲಿ ಬೆಳೆಯುತ್ತಾರೆ. ನೀರು ಚಿಮುಕಿಸಿದರೆ ತಂಪೂ ಪರಿಮಳವೂ ಬರುತ್ತದೆ. ಆದರೆ ಪಡುವಣ ಒಣಗಾಳಿ ಬೀಸುವ ದಿನ ಕೊಡುವಷ್ಟು ತಂಪನ್ನು, ಕಡಲ ಗಾಳಿಯಿಂದ ವಾತಾವರಣ ತೇವವಾದ ದಿನ ಕೊಡದು. ಒದ್ದೆಯಾಗಿಯೇ ಬಿಟ್ಟರೆ ಬೂಸು ಹಿಡಿಯುತ್ತದೆ. ಈಶಾನ್ಯ ಮಳೆ ಶುರುವಾಗುವ ಅಕ್ಟೋಬರಿಗೆ ಮೊದಲೇ ಒಣಗಿಸಿ ಎತ್ತಿಡಬೇಕು.

ಯಾವ ಕಿಟಕಿಗೆ ಮೊದಲು? ಚೆನ್ನೈ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಸಾಗುವುದರಿಂದ ದಕ್ಷಿಣದ ಕಿಟಕಿಗೆ ಬಿಸಿಲಿನ ಭಯವಿಲ್ಲ. ಪೂರ್ವ, ಪಶ್ಚಿಮಗಳಲ್ಲಿ ಕಿರಣ ಓರೆಯಾಗಿ ಸಜ್ಜೆಯ ಕೆಳಗೆ ನುಸುಳುತ್ತದೆ. ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಪಶ್ಚಿಮಕ್ಕಷ್ಟೇ ಹಾಕಿಸಿ.

ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರಿಗೆ ಕತ್ತಲೆಯೂ ಬೇಕು. ಅವರು ಒಳಗೆ ಬ್ಲ್ಯಾಕ್‌ಔಟ್ ಪರದೆ ಹಾಕಲಿ, ಅದರ ಬಿಳಿ ಬೆನ್ನು ಗಾಜಿನ ಕಡೆಗಿರಲಿ, ಅಗಲ ಚೌಕಟ್ಟಿಗಿಂತ ಎರಡೂ ಬದಿಗೆ ಒಂದು ಗೇಣು ಹೆಚ್ಚಿರಲಿ. ಹೊರಗಿನ ತಟ್ಟಿಯನ್ನಂತೂ ಬಿಡಬಾರದು.

ಅಳತೆ ಕೊಡುವಾಗ ಕಿಟಕಿಯ ಹೊರಗಿನ ಅಳತೆಯನ್ನೇ ಕೊಡಿ. ಮೇ ಬರುವವರೆಗೆ ಕಾಯದೆ ಫೆಬ್ರವರಿಯಲ್ಲೇ ಹೇಳಿ ಮಾಡಿಸಿ, ಹೆಣೆಯುವವರ ಕೈಯಿಂದಲೇ ನೇರ ಕೊಳ್ಳಿ.