ದೋಣಿಗೆ ಶೇ. 40 ತೆರಿಗೆ, ನೀರಿಗಿಳಿಸಲು ಮಾತ್ರ ದಾರಿ ಇಲ್ಲ

ಕುಂದಾಪುರ ಕಡೆಯ ನನ್ನ ಗೆಳೆಯನೊಬ್ಬ 14 ಅಡಿಯ ಫೈಬರ್ ದೋಣಿ ಕೊಂಡ. ಹಿಂದೆ ಸಿಕ್ಕಿಸುವ 15 ಎಚ್‌ಪಿ ಔಟ್‌ಬೋರ್ಡ್ ಎಂಜಿನ್, ಒಂದು ಟ್ರೈಲರ್. ಎಲ್ಲವೂ ಸೆಕೆಂಡ್ ಹ್ಯಾಂಡ್. ಒಟ್ಟು ಖರ್ಚು ಒಂದು ಹಳೇ ಕಾರಿನಷ್ಟು. ಫೋಟೊ ಹಾಕಿದ ದಿನ ಬಂದ ಮೊದಲ ಕಮೆಂಟು: 'ಯಾವ ಬ್ಯಾಂಕಿಗೆ ಟೋಪಿ ಹಾಕ್ದೆ ಮಾರಾಯಾ?'

ತಮಾಷೆಯೇ, ಬಿಡಿ. ಆದರೆ ಸ್ವಂತ ಮೋಟಾರ್ ದೋಣಿ ಅಂದ ಕೂಡಲೇ ನಮ್ಮ ತಲೆಯಲ್ಲಿ ಬರುವುದು ವಿಹಾರ ನೌಕೆ, ಶಾಂಪೇನ್, ಸಾಲ ಮಾಡಿ ಓಡಿಹೋದ ಉದ್ಯಮಿ. ಈ ಚಿತ್ರ ನಮ್ಮ ತಲೆಯಲ್ಲಷ್ಟೇ ಅಲ್ಲ, ಸರ್ಕಾರದ ತೆರಿಗೆ ಪಟ್ಟಿಯಲ್ಲೂ ಇದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಹೊಸ ಜಿಎಸ್‌ಟಿ ದರದಲ್ಲಿ 'ವಿಹಾರ ಅಥವಾ ಕ್ರೀಡೆಗೆ ಬಳಸುವ ಯಾಟ್ ಮತ್ತಿತರ ನೌಕೆ'ಗಳಿಗೆ ಶೇ. 40. ಅದಕ್ಕೂ ಮುಂಚೆ ಶೇ. 28 ಮತ್ತು ಮೇಲೆ ಶೇ. 3 ಸೆಸ್ ಇತ್ತು. ಅದೇ ಶೇ. 40ರ ಪಟ್ಟಿಯಲ್ಲಿ ಖಾಸಗಿ ವಿಮಾನ, ಪಿಸ್ತೂಲು ಕೂಡ ಇವೆ. ನೂರು ಅಡಿಯ ಯಾಟ್ ಮತ್ತು 14 ಅಡಿಯ ಫೈಬರ್ ದೋಣಿ ಎರಡೂ ಒಂದೇ ಸಾಲಿನಲ್ಲಿ. ಮೀನುಗಾರಿಕೆ ದೋಣಿಗೆ ಶೇ. 5, ಅದು ಸರಿಯಾಗಿಯೇ ಇದೆ.

ತೆರಿಗೆ ಜಾಸ್ತಿಯಾಯ್ತು ಅಂತ ದೋಣಿ ಕೊಳ್ಳುವವರ ಪರ ಅಳಲು ನಾನು ಇದನ್ನು ಬರೆಯುತ್ತಿಲ್ಲ. ಪ್ರಶ್ನೆ ಬೇರೆ. ಇದು ಶ್ರೀಮಂತರ ಆಟಿಕೆ ಎಂದು ಒಮ್ಮೆ ತೀರ್ಮಾನಿಸಿಬಿಟ್ಟರೆ ಅದಕ್ಕೆ ಬೇಕಾದ ಸಾರ್ವಜನಿಕ ವ್ಯವಸ್ಥೆ ಕಟ್ಟುವ ಹೊಣೆ ಯಾರಿಗೂ ಇರುವುದಿಲ್ಲ. ಆಮೇಲೆ ಅದೇ ವ್ಯವಸ್ಥೆ ಇಲ್ಲದೆ ಮುಳುಗುವವರು ಜಾತ್ರೆಗೆ ಹೊರಟವರು, ಶಾಲಾ ಪ್ರವಾಸದ ಮಕ್ಕಳು.

ನೀರಿಗಿಳಿಸುವುದೇ ದೊಡ್ಡ ಕೆಲಸ

ಗೆಳೆಯನ ಮೊದಲ ದಿನಕ್ಕೆ ನಾನೂ ಹೋಗಿದ್ದೆ. ಪಂಚಗಂಗಾವಳಿಯ ದಂಡೆ. ಟ್ರೈಲರ್ ಹಿಂದಕ್ಕೆ ಬಿಡುತ್ತಿದ್ದಂತೆ ಚಕ್ರ ಕೆಸರಿನಲ್ಲಿ ಅರ್ಧ ಮುಳುಗಿತು, ಕಾರಿನ ಹಿಂಚಕ್ರವೂ ಜಾರತೊಡಗಿತು. ಬಲೆ ಸರಿಮಾಡುತ್ತಾ ಕೂತಿದ್ದ ಏಳೆಂಟು ಮೀನುಗಾರರು ಎದ್ದು ಬಂದು, ದೋಣಿಯ ಅಡಿಗೆ ಮರದ ತುಂಡು ಕೊಟ್ಟು ನೂಕಿದರು. ಅವರಲ್ಲಿ ಹಿರಿಯರೊಬ್ಬರು ನೀರು ನೋಡಿ, 'ಹ್ವಾಯ್, ಇಳ್ತ ಶುರು ಆಯ್ತ್. ಈಗ ಬಿಟ್ರೆ ಮೇಲ್ ಎಳುಕ್ ಆತಿಲ್ಲ' ಅಂದರು. ನಾವು ಕೇಳಲಿಲ್ಲ. ಸಂಜೆ ವಾಪಸ್ ಬಂದಾಗ ನೀರು ಹಿಂದೆ ಸರಿದು, ನಡುವೆ ಮೊಣಕಾಲುದ್ದ ಕೆಸರು. ರಾತ್ರಿ ಉಬ್ಬರ ಬರುವವರೆಗೆ ಸೊಳ್ಳೆ ಕಚ್ಚಿಸಿಕೊಂಡು ಕೂತಿದ್ದೆವು.

ಬೇಕಾಗಿದ್ದದ್ದು ಒಂದು ರ‍್ಯಾಂಪ್, ಅಷ್ಟೇ. ದಂಡೆಯಿಂದ ನೀರಿನೊಳಗೆ ಇಳಿಯುವ ಕಾಂಕ್ರೀಟ್ ಇಳಿಜಾರು. ಏಳೆಂಟು ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯಬೇಕು. ಅದಕ್ಕಿಂತ ಚಪ್ಪಟೆಯಾದರೆ ದೋಣಿ ತೇಲುವ ಮೊದಲೇ ಕಾರು ನೀರಲ್ಲಿರುತ್ತೆ, ಕಡಿದಾದರೆ ಕಾರು ಮೇಲೆ ಹತ್ತಲ್ಲ. ಪಾಚಿ ಕಟ್ಟಿದಾಗಲೂ ಚಕ್ರ ಹಿಡಿಯಲು ಮೇಲ್ಮೈಯಲ್ಲಿ ಅಡ್ಡ ಗೀರು ಬೇಕು. ಮುಖ್ಯವಾಗಿ, ಇಳಿಜಾರಿನ ತುದಿ ಇಳಿತದ ನೀರಿನ ಮಟ್ಟಕ್ಕಿಂತ ಕೆಳಗೆ ಮುಗಿಯಬೇಕು. ಇಲ್ಲದಿದ್ದರೆ ದಿನದಲ್ಲಿ ಅರ್ಧ ಹೊತ್ತು ಅದು ಬರೀ ಒಣ ಕಾಂಕ್ರೀಟ್. ಮಂಗಳೂರಿನಿಂದ ಕಾರವಾರದವರೆಗೆ ಎಷ್ಟೋ ಸಲ ಓಡಾಡಿದ್ದೇನೆ. ಜೆಟ್ಟಿ ಇವೆ, ಮೀನುಗಾರಿಕಾ ಬಂದರು ಇವೆ, ರೆಸಾರ್ಟಿನವರ ಸ್ವಂತ ಕಟ್ಟೆ ಇವೆ. ಯಾರು ಬೇಕಾದರೂ ಬಂದು ಸಣ್ಣ ದೋಣಿ ಇಳಿಸಿ ಹೋಗಬಹುದಾದ ಸಾರ್ವಜನಿಕ ರ‍್ಯಾಂಪ್ ನನ್ನ ಕಣ್ಣಿಗೆ ಬಿದ್ದಿಲ್ಲ.

ಇಳಿಸುವ ಮುಂಚೆ ಇನ್ನೊಂದು ಕೆಲಸ ಇದೆ. ದೋಣಿಯ ಹಿಂಭಾಗದಲ್ಲಿ, ತಳಕ್ಕೆ ಹತ್ತಿರ ಒಂದು ತೂತು ಇರುತ್ತೆ. ದಡದಲ್ಲಿದ್ದಾಗ ಮಳೆನೀರು ಹೊರಹೋಗಲಿ ಎಂದು ಅದರ ಬಿರಡೆ ತೆಗೆದಿಟ್ಟಿರುತ್ತಾರೆ. ಅದನ್ನು ಮತ್ತೆ ಹಾಕಲು ಮರೆತು ನೀರಿಗಿಳಿಸುವುದು ಜಗತ್ತಿನಾದ್ಯಂತ ಹೊಸ ದೋಣಿ ಮಾಲೀಕರ ಮೊದಲ ತಪ್ಪು. ಗೆಳೆಯ ಬಿರಡೆಯನ್ನು ಕಾರಿನ ಕೀ ಗೊಂಚಲಿಗೇ ಕಟ್ಟಿಟ್ಟಿದ್ದಾನೆ.

ಉಪ್ಪು, ಮಳೆಗಾಲ ಮತ್ತು ಇ20

ಕಾರಿನ ಎಂಜಿನ್‌ಗೆ ರೇಡಿಯೇಟರ್ ಇದೆ. ಔಟ್‌ಬೋರ್ಡ್ ಎಂಜಿನ್‌ಗೆ ಇಲ್ಲ. ತಾನು ತೇಲುವ ನೀರನ್ನೇ ಒಳಗೆ ಎಳೆದು, ಮೈ ತಂಪು ಮಾಡಿಕೊಂಡು ಹೊರಗೆ ಉಗುಳುತ್ತೆ. ಎಳೆಯುವ ಕೆಲಸ ಇಂಪೆಲ್ಲರ್ ಎಂಬ ಅಂಗೈಗಿಂತ ಚಿಕ್ಕ ರಬ್ಬರ್ ಚಕ್ರದ್ದು. ಎಂಜಿನ್ ಓಡುವಾಗ ಪಕ್ಕದಿಂದ ನೀರಿನ ಸಣ್ಣ ಎಳೆ ಚಿಮ್ಮುತ್ತಿರಬೇಕು. ಅದು ನಿಂತರೆ ತಕ್ಷಣ ಎಂಜಿನ್ ನಿಲ್ಲಿಸಬೇಕು. ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿರಬಹುದು, ಇಲ್ಲಾ ಮರಳು ತಿಂದು ಇಂಪೆಲ್ಲರ್ ಸತ್ತಿರಬಹುದು. ನಮ್ಮ ಅಳಿವೆಗಳಲ್ಲಿ ಎರಡಕ್ಕೂ ಬರವಿಲ್ಲ. ನೀರಿಲ್ಲದೆ ದಡದಲ್ಲಿ ಎಂಜಿನ್ ಓಡಿಸಿ 'ಟೆಸ್ಟ್' ಮಾಡಿದರೂ ಅದೇ ಗತಿ.

ಉಪ್ಪುನೀರಿನಿಂದ ಬಂದ ಮೇಲೆ ಹತ್ತು ನಿಮಿಷ ಸಿಹಿನೀರು ಹಾಯಿಸಲೇಬೇಕು. ಹಾಯಿಸದಿದ್ದರೆ ಒಳಗಿನ ದಾರಿಗಳಲ್ಲಿ ಉಪ್ಪು ಕಟ್ಟಿ, ಒಂದು ದಿನ ಎಂಜಿನ್ ಬಿಸಿಯಾಗಿ ನಡುನೀರಲ್ಲಿ ಜಾಮ್ ಆಗುತ್ತೆ. ಎಂಜಿನ್ನಿನ ಕೆಳಭಾಗಕ್ಕೆ ತಿರುಪಿರುವ ಬೂದು ಬಣ್ಣದ ಲೋಹದ ತುಂಡು, ಅಂದರೆ ಆನೋಡ್, ಇರುವುದೇ ಸವೆದುಹೋಗಲಿಕ್ಕೆ. ಸತು ಅಥವಾ ಅಲ್ಯೂಮಿನಿಯಂನ ಆ ತುಂಡು ತಾನು ಕೊರೆದುಕೊಂಡು ಎಂಜಿನ್ನಿನ ಮೈ ಉಳಿಸುತ್ತೆ. ಅರ್ಧ ಸವೆದಾಗ ಬದಲಿಸಬೇಕು, ಅದರ ಮೇಲೆ ಪೇಂಟ್ ಹೊಡೆಯಬಾರದು. ಹೊಡೆದರೆ ಅದು ಸವೆಯಲ್ಲ, ಎಂಜಿನ್ ಸವೆಯುತ್ತೆ. ಗೇರ್ ಆಯಿಲ್ ಹಾಲು ಹಾಕಿದ ಕಾಫಿಯಂತೆ ಕಂಡರೆ ಸೀಲ್ ಹೋಗಿ ನೀರು ಒಳಗೆ ಬಂದಿದೆ ಎಂದರ್ಥ.

ಈಗ ಪೆಟ್ರೋಲ್ ವಿಚಾರ. ಇ20 ಬಗ್ಗೆ ಬೈಕ್, ಕಾರಿನವರ ಜಗಳ ಎಲ್ಲರೂ ನೋಡಿದ್ದೀರಿ. ದೋಣಿಯಲ್ಲಿ ಆ ಸಮಸ್ಯೆ ಇನ್ನೂ ಗಟ್ಟಿ. ಎಥನಾಲ್ ಗಾಳಿಯ ತೇವ ಹೀರುತ್ತೆ. ದೋಣಿಯ ಟ್ಯಾಂಕಿಗೆ ಗಾಳಿಯಾಡುವ ಕಿಂಡಿ ಇರುತ್ತೆ, ಸುತ್ತ ಇರುವುದು ನೀರೇ. ನಿಂತಲ್ಲೇ ನಿಂತರೆ ನೀರು ಮತ್ತು ಎಥನಾಲ್ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಎಂಜಿನ್‌ಗೆ ಮೊದಲು ಹೋಗುವುದೂ ಅದೇ. ಔಟ್‌ಬೋರ್ಡ್ ತಯಾರಕರ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಮಿತಿ ಶೇ. 10 ಎಥನಾಲ್. ನಮ್ಮ ಬಂಕಿನಲ್ಲಿ ಸಿಗುವುದು ಶೇ. 20. ಹಾಗಾಗಿ ಜೂನ್ ಬರುವ ಮುಂಚೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲನ್ನೂ ಓಡಿಸಿ ಮುಗಿಸಿ ಇಡಬೇಕು. ಸೆಪ್ಟೆಂಬರಿನಲ್ಲಿ ಹಳೇ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಲು ಹೋದವರು ಮೆಕ್ಯಾನಿಕ್ ಹುಡುಕುತ್ತಾ ಮಲ್ಪೆಗೋ ಗೋವಾಕ್ಕೋ ಹೋಗುತ್ತಾರೆ.

ನೀರಿಗಿಳಿದ ಮೇಲೆ ಪೆಟ್ರೋಲಿನ ಲೆಕ್ಕ ಸರಳ: ಮೂರನೇ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಒಂದು ಭಾಗ ಮುಟ್ಟದೇ ಇಡಲು. ಇನ್ನೊಂದು ನಿಯಮಕ್ಕೆ ರಿಯಾಯಿತಿಯೇ ಇಲ್ಲ. ಎಂಜಿನ್ನಿನ ಸ್ವಿಚ್ಚಿಗೂ ನಡೆಸುವವರ ಮೈಗೂ ಕಟ್ಟಿಕೊಳ್ಳುವ ಕೆಂಪು ಹಗ್ಗ. ನೀವು ಎಗರಿ ನೀರಿಗೆ ಬಿದ್ದರೆ ಹಗ್ಗ ಕಿತ್ತು ಎಂಜಿನ್ ನಿಲ್ಲುತ್ತೆ. ಇಲ್ಲದಿದ್ದರೆ ದೋಣಿ ಸುತ್ತು ಹೊಡೆದು ಪ್ರೊಪೆಲ್ಲರ್ ನಿಮ್ಮ ಮೇಲೇ ಬರುತ್ತೆ. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ದೋಣಿ ನಡೆಸುವವರು ಇದನ್ನು ಕಟ್ಟಿಕೊಳ್ಳುವುದು 2021ರ ಏಪ್ರಿಲ್ 1ರಿಂದ ಕಡ್ಡಾಯ. ನಮ್ಮಲ್ಲಿ ಪ್ರವಾಸಿ ಬೋಟಿನ ಹುಡುಗರು ಆ ಹಗ್ಗವನ್ನು ಸ್ವಿಚ್ಚಿಗೇ ಗಂಟು ಹಾಕಿ ಬಿಟ್ಟಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ.

ಕಾಗದದ ಮೇಲೆ ಎಲ್ಲವೂ ಇದೆ

ಕಾನೂನು ಇಲ್ಲ ಅಂತಲ್ಲ. ಬ್ರಿಟಿಷರ ಕಾಲದ 1917ರ ಒಳನಾಡು ನೌಕೆಗಳ ಕಾಯ್ದೆಯನ್ನು ತೆಗೆದು 2021ರಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿತು. 2022ರ ಜೂನ್ 7ರಿಂದ ಅದು ಜಾರಿಯಲ್ಲಿದೆ. ಎಂಜಿನ್ ಇರುವ ನೌಕೆಗೆ ನೋಂದಣಿ, ತಪಾಸಣೆಯ ಸರ್ವೆ ಪ್ರಮಾಣಪತ್ರ, ವಿಮೆ, ನಡೆಸುವ ಸಿಬ್ಬಂದಿಗೆ ಅರ್ಹತಾ ಪತ್ರ ಎಲ್ಲವನ್ನೂ ಅದು ಹೇಳುತ್ತೆ. ಒಂದು ರಾಜ್ಯದ ನೋಂದಣಿ ಇಡೀ ದೇಶದಲ್ಲಿ ನಡೆಯುತ್ತೆ. ಆದರೆ ಅಳಿವೆ ದಾಟಿ ಸಮುದ್ರಕ್ಕೆ ಹೋದರೆ ಬೇರೆ ಕಾಯ್ದೆ. ಗಾಳ ಬಿಟ್ಟು ಮೀನು ಹಿಡಿಯುವುದನ್ನೇ ಕಸುಬು ಮಾಡಿಕೊಂಡರೆ 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆ. ನೀರು ಒಂದೇ, ಕಚೇರಿ ಮೂರು.

ಈ ಕಾಗದಗಳು ನೀರಿನ ಮೇಲೆ ಏನು ಮಾಡಿವೆ? 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆ ಮುಗಿಸಿ ಬರುತ್ತಿದ್ದ ಬೋಟು ಮಗುಚಿ 16 ಜನ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಪ್ರವಾಸಿ ಬೋಟು ಮುಳುಗಿ 22 ಜನ. ಅದು ಮೀನುಗಾರಿಕೆ ದೋಣಿಯನ್ನು ಪ್ರವಾಸಿ ಬೋಟಾಗಿ ಬದಲಿಸಿದ್ದು. 2024ರ ಜನವರಿ 18ರಂದು ವಡೋದರಾದ ಹರ್ಣಿ ಕೆರೆಯಲ್ಲಿ 12 ಶಾಲಾ ಮಕ್ಕಳು, ಇಬ್ಬರು ಶಿಕ್ಷಕಿಯರು. ಮೂರರಲ್ಲೂ ದೋಣಿ ಹೊರಬೇಕಾದ್ದಕ್ಕಿಂತ ಹೆಚ್ಚು ಜನ ಇದ್ದರು.

ಸಣ್ಣ ದೋಣಿ ಮಗುಚಲು ಬಿರುಗಾಳಿ ಬೇಕಿಲ್ಲ. ಜನ ಜಾಸ್ತಿಯಾದಂತೆ ಅಂಚು ನೀರಿಗೆ ಹತ್ತಿರವಾಗುತ್ತೆ. ಒಂದು ಅಲೆ ಒಳಗೆ ಬರುತ್ತೆ. ಒಳಗೆ ಬಂದ ನೀರು ಸುಮ್ಮನೆ ಕೂರಲ್ಲ, ದೋಣಿ ವಾಲಿದ ಕಡೆಗೇ ಹರಿದು ಇನ್ನಷ್ಟು ವಾಲಿಸುತ್ತೆ. ಹೆದರಿದ ಜನ ಎದ್ದು ನಿಲ್ಲುತ್ತಾರೆ, ಭಾರ ಮೇಲಕ್ಕೆ ಹೋಗುತ್ತೆ. ಮುಂದಿನದು ಕೆಲವೇ ಸೆಕೆಂಡುಗಳ ಮಾತು. ಮನೆಯಲ್ಲಿ ಸ್ವಂತ ದೋಣಿ ನಡೆಸಿ ಬೆಳೆದ ಹುಡುಗಿಗೋ ಹುಡುಗನಿಗೋ ಇದು ಹೇಳಿಕೊಡದೇ ಗೊತ್ತಿರುತ್ತೆ. ಅಂಥವರು ಪ್ರವಾಸಿ ಬೋಟು ಹತ್ತಿದರೆ 'ಇಷ್ಟು ಜನ ಆಗಲ್ಲ, ನಾವು ಇಳಿತೀವಿ' ಅಂತಾರೆ. ನೀರನ್ನು ಬರೀ ಫೋಟೊದಲ್ಲಿ ನೋಡಿ ಬೆಳೆದವರಿಗೆ ಹಾಗೆ ಹೇಳಲು ಗೊತ್ತಾಗುವುದಿಲ್ಲ.

ತೆರಿಗೆ ಎಲ್ಲಿಗೆ ಹೋಗುತ್ತೆ?

ಗೆಳೆಯನಿಗೆ ಈ ಹುಚ್ಚು ಹತ್ತಿದ್ದು ಅಮೆರಿಕದ ಮಿನ್ನೆಸೋಟಾದಲ್ಲಿ, ಮೂರು ವರ್ಷ ಐಟಿ ಕೆಲಸಕ್ಕೆ ಹೋಗಿದ್ದಾಗ. ಹತ್ತು ಸಾವಿರ ಕೆರೆಗಳ ನಾಡು ಅಂತ ಹೆಸರಾದ ರಾಜ್ಯ ಅದು. ಅಲ್ಲಿ ಅವನ ಪಕ್ಕದ ಮನೆಯ ಸ್ಕೂಲ್ ಬಸ್ ಡ್ರೈವರ್ ಬಳಿ ಇಂಥದೇ ದೋಣಿ ಇತ್ತು. ಭಾನುವಾರ ಟ್ರೈಲರ್ ಕಟ್ಟಿಕೊಂಡು ಹೋಗಿ, ಸಾರ್ವಜನಿಕ ರ‍್ಯಾಂಪಿನಲ್ಲಿ ಇಳಿಸಿ, ಸಂಜೆ ವಾಪಸ್. ಅಲ್ಲೂ ಕೆರೆಯಂಚಿನ ಜಾಗ ಬಹಳಷ್ಟು ಖಾಸಗಿ ಮನೆಗಳದ್ದೇ. ಕೆರೆಯಂಚಿನಲ್ಲಿ ಮನೆ ಇಲ್ಲದವರಿಗೆ ಆ ರ‍್ಯಾಂಪೇ ಬಾಗಿಲು.

ಆ ಬಾಗಿಲು ತಾನಾಗಿ ತೆರೆದದ್ದಲ್ಲ. 1950ರ ಡಿಂಗೆಲ್-ಜಾನ್ಸನ್ ಕಾಯ್ದೆ ಗಾಳ, ರೀಲು ಮುಂತಾದವುಗಳ ಮೇಲಿನ ತೆರಿಗೆಯನ್ನು ಮೀನು ಸಂರಕ್ಷಣೆಗೆ ಮೀಸಲಿಟ್ಟಿತು. 1984ರ ವಾಲಪ್-ಬ್ರೋ ತಿದ್ದುಪಡಿ ಮೋಟಾರ್ ದೋಣಿಗಳು ಸುಡುವ ಪೆಟ್ರೋಲಿನ ತೆರಿಗೆಯನ್ನೂ ಅದಕ್ಕೆ ಸೇರಿಸಿತು. ಈ ಹಣದಲ್ಲಿ ರಾಜ್ಯಗಳಿಗೆ ಹೋಗುವ ಪಾಲಿನ ಶೇ. 15 ದೋಣಿ ಇಳಿಸುವ ಸಾರ್ವಜನಿಕ ಜಾಗಗಳಿಗೆ ಖರ್ಚಾಗಬೇಕು. ಜೊತೆಗೆ ಜವಾಬ್ದಾರಿಯೂ ಇದೆ. ಮಿನ್ನೆಸೋಟಾದಲ್ಲಿ ರಸ್ತೆ ಮೇಲೆ ದೋಣಿ ಎಳೆದೊಯ್ಯುವಾಗ ತಳದ ಬಿರಡೆ ತೆಗೆದಿರಲೇಬೇಕು. ಒಂದು ಕೆರೆಯ ನೀರಿನ ಜೊತೆ ಜೀಬ್ರಾ ಮಸಲ್ ಎಂಬ ಚಿಪ್ಪುಜೀವಿ ಇನ್ನೊಂದಕ್ಕೆ ಹೋಗಬಾರದಲ್ಲ.

ನಮ್ಮ ಶೇ. 40 ನೇರವಾಗಿ ಸಾಮಾನ್ಯ ಖಜಾನೆಗೆ. ಅದರಿಂದ ಒಂದು ಅಡಿ ಕಾಂಕ್ರೀಟೂ ದಂಡೆಗೆ ವಾಪಸ್ ಬರಬೇಕೆಂಬ ನಿಯಮ ಇಲ್ಲ.

ಇದಕ್ಕೊಂದು ಗಟ್ಟಿ ಆಕ್ಷೇಪ ಇದೆ, ಅದು ಬರುವುದು ಮೀನುಗಾರರಿಂದ. ರ‍್ಯಾಂಪ್ ಬಂದರೆ ಬೆಂಗಳೂರಿನ ಕಾರು ಬರುತ್ತವೆ, ಜೆಟ್ ಸ್ಕೀ ಬರುತ್ತೆ, ಪ್ರೊಪೆಲ್ಲರಿಗೆ ಸಿಕ್ಕಿ ಬಲೆ ಹರಿಯುತ್ತೆ, ಕೊನೆಗೆ ನಮ್ಮ ದೋಣಿಗೇ ಜಾಗ ಇರಲ್ಲ ಅಂತ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ವರ್ಷಗಳಿಂದ ಹೋರಾಡುತ್ತಿರುವ ಜನರನ್ನು ನೋಡಿದವರು ಈ ಭಯವನ್ನು ತಳ್ಳಿಹಾಕಲಾರರು. 'ಅಭಿವೃದ್ಧಿ' ಅಂತ ದಂಡೆಗೆ ಬಂದದ್ದರಲ್ಲಿ ಹೆಚ್ಚಿನದು ಅವರ ಜಾಗ ಕಿತ್ತುಕೊಂಡೇ ಬಂದಿದೆ. ಆದರೆ ನನ್ನ ಪ್ರಕಾರ ಇದು ರ‍್ಯಾಂಪ್ ಬೇಡ ಅನ್ನಲು ಕಾರಣವಲ್ಲ, ಅದು ಯಾರ ಕೈಯಲ್ಲಿರಬೇಕು ಅನ್ನುವುದಕ್ಕೆ ಕಾರಣ. ಟೆಂಡರ್ ಕರೆದು ರೆಸಾರ್ಟಿನವರಿಗೆ ಕೊಟ್ಟರೆ ಅವರ ಭಯವೇ ನಿಜವಾಗುತ್ತೆ. ಪಂಚಾಯ್ತಿ ಮತ್ತು ಮೀನುಗಾರರ ಸಹಕಾರ ಸಂಘದ ಕೈಯಲ್ಲಿದ್ದರೆ, ಮೀನುಗಾರಿಕೆ ದೋಣಿಗೆ ಮೊದಲ ಹಕ್ಕು ಮತ್ತು ಉಚಿತ, ಹೊರಗಿನ ದೋಣಿಗೆ ಶುಲ್ಕ. ಸಮುದ್ರ ಕೆಟ್ಟ ದಿನ ಯಾರನ್ನೂ ಬಿಡುವುದಿಲ್ಲ ಎಂದು ಹೇಳಬಲ್ಲವರೂ ಅವರೇ. ಅಳಿವೆಯ ಮರಳುದಿಬ್ಬ ಈ ವಾರ ಎಲ್ಲಿದೆ, ಇಳಿತದ ಹೊತ್ತಿಗೆ ಒಳಬರುವ ಅಲೆ ಎಲ್ಲಿ ಮುರಿಯುತ್ತೆ ಎಂಬುದು ಯಾವ ಆ್ಯಪಿನಲ್ಲೂ ಇಲ್ಲ, ಆ ದಿನ ನಮ್ಮನ್ನು ಎಚ್ಚರಿಸಿದ ಹಿರಿಯರ ತಲೆಯಲ್ಲಿದೆ.

ಸಿಆರ್‌ಝಡ್ ಅಡ್ಡ ಬರುತ್ತೆ ಅನ್ನುವವರಿಗೆ: ನೀರಿನಂಚಿನಲ್ಲೇ ಇರಬೇಕಾದ ಜೆಟ್ಟಿ, ರ‍್ಯಾಂಪಿನಂಥ ರಚನೆಗಳಿಗೆ 2019ರ ಅಧಿಸೂಚನೆಯಲ್ಲೂ ಅನುಮತಿ ಕೇಳುವ ದಾರಿ ಇದೆ. ಕೇಳುವವರು ಬೇಕು.

ಗೆಳೆಯ ಕೇಳಿದ್ದಾನೆ. ಅಂದು ದೋಣಿ ನೂಕಿದವರಲ್ಲಿ ಐವರು ಅವನ ಅರ್ಜಿಗೆ ಸಹಿ ಹಾಕಿದ್ದಾರೆ. ಇಬ್ಬರು ಹಾಕಲಿಲ್ಲ, 'ಮೊದ್ಲ್ ನಮ್ ಹೆಸ್ರ್ ಬರೀನಿ, ಆಮೇಲ್ ನಿಮ್ದ್' ಅಂದರು. ಅವನು ಅರ್ಜಿಯನ್ನು ಆ ಮಾತಿನಂತೆ ತಿದ್ದಿ ಬರೆದು, ಮತ್ತೆ ಸಹಿಗೆ ಒಯ್ದಿದ್ದಾನೆ.