ಕಬಡ್ಡಿ ಪಂದ್ಯಕ್ಕೆ ಕನ್ನಡ ಬ್ಯಾನರ್: ತಪ್ಪಿಲ್ಲದೆ ಮಾಡುವ ಬಗೆ



ಕಳೆದ ವರ್ಷ ಜತ್ತ ತಾಲ್ಲೂಕಿನ ಕನ್ನಡ ಶಾಲೆಯೊಂದರ ಹೆಣ್ಣುಮಕ್ಕಳ ಕಬಡ್ಡಿ ತಂಡವನ್ನು ಹುರಿದುಂಬಿಸಲು ನಾವು ಬ್ಯಾನರ್ ಮಾಡಿಸಿದ್ದೆವು. ಮೈದಾನದಲ್ಲಿ ಬಿಚ್ಚಿದರೆ ನಾಯಕಿಯ ಹೆಸರಿನ ಒತ್ತಕ್ಷರವೇ ಮಾಯ! "ಇದು ಯಾರ ಹೆಸರ್ರೀ ಸರ್?" ಎಂದು ಆಕೆ ಕೇಳಿದಾಗ ನಾವು ತಲೆ ತಗ್ಗಿಸಬೇಕಾಯಿತು.

ತಪ್ಪು ಅಂಗಡಿಯವರದಲ್ಲ, ನೋಡದೆ ಒಪ್ಪಿದ ನಮ್ಮದು. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲು, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡಿನಲ್ಲಿ ಟೈಪ್ ಮಾಡಿದರೂ ಕೆಲವು ಹಳೆಯ ಡಿಟಿಪಿ ತಂತ್ರಾಂಶಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗುತ್ತದೆ. ಮರಾಠಿಯಷ್ಟೇ ಬಲ್ಲ ಆಪರೇಟರಿಗೆ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಪಿಡಿಎಫ್ ಮಾಡಿಯೇ ಕೊಡಿ. ಮುದ್ರಣಕ್ಕೆ ಮೊದಲು ಕನ್ನಡ ಬಲ್ಲ ಇಬ್ಬರು ಪರದೆಯ ಮೇಲೆ ಓದಿ ನೋಡಲಿ.

ಬಟ್ಟೆಯ ಮೇಲೆ ಕೈಯಿಂದ ಬರೆಯುವುದು ಇನ್ನೂ ಒಳ್ಳೆಯದು. 6 ಅಡಿ ಉದ್ದ, 3 ಅಡಿ ಅಗಲದ ಹಳದಿ ಕಾಟನ್ ಬಟ್ಟೆ, ಕೆಂಪು ಬಣ್ಣ ಸಾಕು. ಅಂಕಣದ ಆಚೆ ಬದಿಗೂ ಕಾಣುವಂತೆ ಅಕ್ಷರದ ಎತ್ತರ 8 ಇಂಚು ಇರಲಿ. ಒತ್ತಕ್ಷರಕ್ಕೆಂದು ಕೆಳಗೆ 4 ಇಂಚು ಬಿಡಿ. ಸಾಲಿಗೆ ಏಳೆಂಟು ಅಕ್ಷರ ಹಿಡಿಯುತ್ತವೆ. ಮೇಲೆ ಆಟಗಾರ್ತಿಯ ಹೆಸರು, ಕೆಳಗೆ ಊರು, ಎರಡೇ ಸಾಲು. ಮೊದಲು ಸೀಮೆಸುಣ್ಣದಿಂದ ಬರೆದು ಆ ಮಗುವಿಗೇ ತೋರಿಸಿ, ನಂತರ ಬಣ್ಣ ತುಂಬಿ. ಹಿಡಿಯುವಾಗ ಹಿಂದೆ ಕುಳಿತವರಿಗೆ ಅಡ್ಡವಾಗದಿರಲಿ.

ಗೆಲುವು ಸೋಲು ಆಟದಲ್ಲಿ ಇದ್ದದ್ದೇ. ನಮ್ಮ ಮಕ್ಕಳ ಹೆಸರು ಮಾತ್ರ ಕನ್ನಡದಲ್ಲಿ ಸರಿಯಾಗಿ ಕಾಣಲಿ.

ಕಾರ್ಯದರ್ಶಿ