ಥೈರಾಯ್ಡ್ ನಾರ್ಮಲ್, ಮನಸ್ಸು?

ಖಿನ್ನತೆಗೆ ಮಾತ್ರೆ ಶುರುವಾಗಿದೆ ಎಂದರೆ ನಮ್ಮವರು ಮೊದಲು ಕೇಳುವುದು ಥೈರಾಯ್ಡ್ ಬಗ್ಗೆ. ಹುಬ್ಬಳ್ಳಿಯಲ್ಲಿರುವ ನನ್ನ ಅಕ್ಕನೂ ಅದನ್ನೇ ಕೇಳಿದಳು: "ಥೈರಾಯ್ಡ್ ಇರ್ಬೇಕೋ ತಮ್ಮಾ, ಒಮ್ಮೆ ಟೆಸ್ಟ್ ಮಾಡಿಸ್ಕೊ." ಥೈರಾಯ್ಡ್ ನಾಲ್ಕು ಜನರ ಮುಂದೆ ಹೇಳಬಹುದಾದ ಕಾಯಿಲೆ. ಖಿನ್ನತೆ ಇನ್ನೂ ಹಾಗಾಗಿಲ್ಲ.

ಅಕ್ಕ ಕೇಳಿದ್ದರಲ್ಲಿ ಅರ್ಥವಿದೆ. ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ಸುಸ್ತು, ನಿರಾಸಕ್ತಿ, ಮಂಕುತನ ಎಲ್ಲವೂ ಬರುತ್ತವೆ. ನೋಡಲು ಖಿನ್ನತೆಯ ಹಾಗೆಯೇ. ಅದಕ್ಕೇ ಇಲ್ಲಿ ಪುಣೆಯ ಡಾಕ್ಟರ್ ಕೂಡ ಮೊದಲೇ ಟಿಎಸ್‌ಎಚ್ ಪರೀಕ್ಷೆ ಬರೆದುಕೊಟ್ಟಿದ್ದರು. ನನ್ನ ರಿಪೋರ್ಟ್ ನಾರ್ಮಲ್ ಬಂತು. ಸಾಫ್ಟ್‌ವೇರಿನವನಾದ ನನಗೆ ಎಲ್ಲಕ್ಕೂ ಒಂದು ಅಂಕಿ ಬೇಕು. ಹಾಗಾದರೆ ಗುಣವಾಗುತ್ತಿದ್ದೇನೆ ಎಂದು ತೋರಿಸುವ ಹಾರ್ಮೋನು ಬೇರೆ ಯಾವುದಾದರೂ ಇದೆಯೇ ಎಂದು ಓದತೊಡಗಿದೆ.

ಅಂಥ ಆಸೆ ವೈದ್ಯರಿಗೂ ಇತ್ತು. ಒತ್ತಡ ಬಂದಾಗ ಮೆದುಳು ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ, ಅದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ. ಆಗ ಕಾರ್ಟಿಸಾಲ್ ಬರುತ್ತದೆ. ಸಾಕಷ್ಟು ಬಂದಮೇಲೆ ಅದೇ ಮೆದುಳಿಗೆ ಹೇಳಿ ಬ್ರೇಕ್ ಹಾಕಿಸಬೇಕು. ತೀವ್ರ ಖಿನ್ನತೆಯಿರುವ ಅನೇಕರಲ್ಲಿ ಈ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ರಾತ್ರಿ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಕೊಟ್ಟು ಮರುದಿನ ಕಾರ್ಟಿಸಾಲ್ ನೋಡಿದರೆ ಇದು ಗೊತ್ತಾಗುತ್ತದೆ. 1981ರಲ್ಲಿ ಬರ್ನಾರ್ಡ್ ಕ್ಯಾರಲ್ ಮತ್ತು ಸಂಗಡಿಗರು ಇದನ್ನು ತೀವ್ರ ಖಿನ್ನತೆ ಗುರುತಿಸುವ ಪರೀಕ್ಷೆಯಾಗಿ ಮುಂದಿಟ್ಟರು. ಆದರೆ ಖಿನ್ನತೆಯಿದ್ದೂ ಎಷ್ಟೋ ಜನರ ಫಲಿತಾಂಶ ಸರಿಯಿರುತ್ತದೆ. ಬೇರೆ ಕಾಯಿಲೆಯಿಂದಲೂ, ತೂಕ ಇಳಿದಾಗಲೂ ಅದು ಏರುಪೇರಾಗುತ್ತದೆ. ಹೀಗಾಗಿ ದಿನನಿತ್ಯದ ಚಿಕಿತ್ಸೆಯಲ್ಲಿ ಅದು ನಿಲ್ಲಲಿಲ್ಲ.

ಆದರೂ ಆ ಸಂಶೋಧನೆಗಳಿಂದ ಒಂದು ಮುಖ್ಯ ವಿಷಯ ಗೊತ್ತಾಯಿತು. ಔಷಧಿಯಿಂದ ಚೇತರಿಸಿಕೊಳ್ಳುವಾಗ ಅನೇಕರಲ್ಲಿ ಈ ಬ್ರೇಕ್ ಮತ್ತೆ ಸರಿಹೋಗುತ್ತದೆ. ಮೇಲ್ನೋಟಕ್ಕೆ ಆರಾಮಾಗಿದ್ದರೂ ಅದು ಸರಿಹೋಗದವರಲ್ಲಿ ಖಿನ್ನತೆ ಮರುಕಳಿಸುವ ಸಂಭವ ಹೆಚ್ಚು. ಅಂದರೆ ಮನಸ್ಸು ಹಗುರಾದ ದಿನವೇ ದೇಹವೂ ಪೂರ್ತಿ ಸುಧಾರಿಸಿದೆ ಎನ್ನಲಾಗದು.

ನಾಲ್ಕನೇ ತಿಂಗಳಲ್ಲಿ ನನಗೆ ನಿದ್ದೆ ಬಂತು, ಊಟ ರುಚಿಸಿತು. "ಆರಾಮ ಆಗೀಯಲ್ಲ, ಇನ್ನ ಯಾಕ ಗುಳಿಗಿ?" ಎಂದಳು ಅಕ್ಕ. ನಾನು ನಿಲ್ಲಿಸಲಿಲ್ಲ. ಆರಾಮಾದ ಮೇಲೂ ಕನಿಷ್ಠ 6 ತಿಂಗಳು ಮಾತ್ರೆ ಮುಂದುವರಿಸಬೇಕೆಂಬುದು ವೈದ್ಯರು ಸಾಮಾನ್ಯವಾಗಿ ಪಾಲಿಸುವ ನಿಯಮ. ಥಟ್ಟನೆ ಬಿಟ್ಟರೆ ತಲೆಸುತ್ತು, ಕರೆಂಟ್ ಹೊಡೆದಂಥ ಅನುಭವ ಆಗಬಹುದು. ಬಿಡುವಾಗಲೂ ಅವರು ಹೇಳಿದಂತೆ ನಿಧಾನವಾಗಿ ಬಿಡಬೇಕು.

ಥೈರಾಯ್ಡ್ ಹಾರ್ಮೋನನ್ನೇ ಔಷಧಿಯಾಗಿ ಕೊಡುವುದೂ ಉಂಟು. 2006ರಲ್ಲಿ ಪ್ರಕಟವಾದ ಅಮೆರಿಕದ ಸ್ಟಾರ್-ಡಿ ಅಧ್ಯಯನದಲ್ಲಿ, ಎರಡು ಚಿಕಿತ್ಸೆಗಳಿಂದಲೂ ಗುಣವಾಗದವರಿಗೆ ಖಿನ್ನತೆಯ ಮಾತ್ರೆಯ ಜೊತೆ ಟಿ3 ಕೊಟ್ಟಾಗ ಸುಮಾರು 4ರಲ್ಲಿ ಒಬ್ಬರು ಚೇತರಿಸಿಕೊಂಡರು. ಆದರೆ ಟಿ3 ಎದೆಬಡಿತ ಏರಿಸಬಲ್ಲದು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗುವ ಮಾತ್ರೆ ಅದಲ್ಲ.

ನಾನು ಹುಡುಕುತ್ತಿದ್ದ ಅಂಕಿ ಕೊನೆಗೆ ಸಿಕ್ಕಿದ್ದು ರಕ್ತದಲ್ಲಲ್ಲ, ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳಲ್ಲಿ: ನಿದ್ದೆ, ಹಸಿವು, ಆಸಕ್ತಿ, ಸಾಯುವ ಯೋಚನೆ ಹೀಗೆ. ಒಟ್ಟು 27 ಅಂಕ. 5ಕ್ಕಿಂತ ಕೆಳಗಿಳಿದರೆ ಚೇತರಿಕೆ ಎಂದು ಲೆಕ್ಕ. ಅದಕ್ಕೆ ಉತ್ತರ ಕೊಡಬೇಕಾದವರು ನಾವೇ, ಅದೂ ಮುಚ್ಚಿಡದೆ. ಪರಊರಿನಲ್ಲಿ ಹಿಂದಿ, ಮರಾಠಿಯಲ್ಲಿ ಆಫೀಸು ನಡೆಸಬಹುದು. "ಮನಸ್ಸಿಗೆ ಏನೂ ಹತ್ತವಲ್ದು" ಎನ್ನುವುದಕ್ಕೆ ಮಾತ್ರ ನಮ್ಮ ಭಾಷೆಯೇ ಬೇಕಾಗುತ್ತದೆ. ಹಾಗನ್ನಿಸಿದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್‌ಗೆ 14416ರಲ್ಲಿ ಕರೆ ಮಾಡಿ. ಅದು ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು.